ಎಡಕ್ಕೆ ಹೋದ ಸೆರಗು

ಬೆಳಗಿನ ಆರು ಇನ್ನೂ ಹೊಡೆದಿಲ್ಲ. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಆಗಲೇ ಒಂದೆರಡು ಮಗ್ಗ ಶುರುವಾಗಿವೆ. ಓಣಿಯ ಕೊನೆಯ ಅಂಗಡಿಯಲ್ಲಿ ಶರಣಯ್ಯ ಶಟರ್ ಅರ್ಧ ಎತ್ತಿ, ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಎದುರಿಗೆ, ಪಕ್ಕದ ಕಟಿಂಗ್ ಅಂಗಡಿಯಿಂದ ಎರವಲು ತಂದ ಉದ್ದನೆಯ ಕನ್ನಡಿ. ಬೆನ್ನ ಹಿಂದೆ, ಎರಡು ಬಣ್ಣದ ಡಬ್ಬಿಗಳ ಮೇಲೆ, ಹಳೆಯ ಚೌಕಟ್ಟಿನಲ್ಲಿ ಒಬ್ಬ ಮುದುಕಿಯ ತೈಲಚಿತ್ರ. ಆ ಚಿತ್ರದ ಕಡೆ ಅವರು ಒಮ್ಮೆಯೂ ತಿರುಗುವುದಿಲ್ಲ. ಕನ್ನಡಿಯಲ್ಲಿ ಕಾಣುವ ಮುದುಕಿಯನ್ನೇ ನೋಡುತ್ತ, ತೊಡೆಯ ಮೇಲಿನ ಹಲಗೆಗೆ ಬಿಗಿದ ಹೊಸ ಕ್ಯಾನ್ವಾಸಿಗೆ ಬಣ್ಣ ಹಚ್ಚುತ್ತಿದ್ದಾರೆ.

ಚಿತ್ರ ಹಿಂದೆಯೇ ಇದೆಯಲ್ಲ, ಕನ್ನಡಿ ಯಾಕೆ ಎಂದು ಕೇಳುತ್ತೇನೆ.

“ಈಗ ಮಾತಾಡಿಸಬ್ಯಾಡ್ರಿ. ಬಲಗಡಿ ದವಡಿ ಬರಾಕತ್ತೈತಿ. ಇದು ತಪ್ಪಿದ್ರ ಮತ್ತ ನಾಳಿ ಬೆಳಕು ಬರೋತನಕ ಕಾಯಬೇಕು,” ಎನ್ನುತ್ತಾರೆ.

ಸುಮ್ಮನೆ ಕೂರುತ್ತೇನೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ಆದರೂ ಕೂರುತ್ತೇನೆ. “ಮಕ್ತಲ್ ಹುಡುಗ ಮಸ್ಕತ್ತಿನಲ್ಲಿ ಮಿಂಚಿದ ಕತೆ, ಓದಿದವರಿಗೆ ಖುಷಿಯಾಗಬೇಕು” ಎಂದು ನಮ್ಮ ಪುರವಣಿಯ ಸಂಪಾದಕರು ರಾಯಚೂರಿನಲ್ಲಿ ನನ್ನನ್ನು ಬಸ್ ಹತ್ತಿಸಿದ್ದರು. ಎರಡು ದೇಶಗಳಲ್ಲಿ ಮುಖಗಳನ್ನು ಬರೆದು ಬದುಕಿದ ಮನುಷ್ಯ, ಎಲೆಮರೆಯ ಕಾಯಿ, ನಮ್ಮ ಅಂಕಣಕ್ಕೆ ಹೇಳಿ ಮಾಡಿಸಿದ ಹಾಗಿದ್ದಾರೆ ಎಂದು ನಾನೂ ಅಂದುಕೊಂಡೇ ಬಂದವನು. ಆದರೆ ಖುಷಿ ಎಲ್ಲಿಂದ ತರೋಣ ಹೇಳಿ. ಅರವತ್ತು ದಾಟಿದ ಈ ಮನುಷ್ಯ ನಾನು ಬಂದಾಗಿನಿಂದ ಒಂದೇ ಮುಖದ ಹಿಂದೆ ಬಿದ್ದಿದ್ದಾರೆ. ಹಿರಿಯರಿಗೆ ಎಡೆ ಇಡುವ ಪೆತ್ತರ ಅಮಾವಾಸ್ಯೆ ನಾಡಿದ್ದು. ಅಷ್ಟರೊಳಗೆ ಅದು ಮುಗಿದು ಗದ್ವಾಲ ಸೇರಬೇಕು.

ಬಿಸಿಲು ಏರಿ, ಕನ್ನಡಿ ಹೊಳೆಯಲು ಶುರುವಾದ ಮೇಲೆ ಅವರು ಕುಂಚ ತೊಳೆಯುತ್ತಾರೆ. ಇನ್ನು ನಾಳೆ ಬೆಳಿಗ್ಗೆಯೇ ಈ ಕೆಲಸ. ಹಗಲಿಗೆ ಬೇರೆ ಕೆಲಸವಿದೆ. ಹೊಸ ರಾಜ್ಯ ಬಂದು ಮೂರು ತಿಂಗಳು ದಾಟಿದೆ, ಸುತ್ತಲಿನ ಶಾಲೆ, ಪಂಚಾಯಿತಿ, ಆಸ್ಪತ್ರೆಗಳ ಬೋರ್ಡುಗಳಲ್ಲಿ ಆಂಧ್ರಪ್ರದೇಶ ಎಂಬುದನ್ನು ಅಳಿಸಿ ತೆಲಂಗಾಣ ಎಂದು ಬರೆಯುವುದು ಇನ್ನೂ ಮುಗಿದಿಲ್ಲ. ಬಿಳಿ ಬಣ್ಣದ ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು ಅವರು ಊರೂರು ತಿರುಗುತ್ತಾರೆ. ತೆಲುಗು ಬೋರ್ಡಿದ್ದರೆ ತೆಲುಗಿನಲ್ಲಿ, ಉರ್ದು ಇದ್ದರೆ ಮಾದರಿ ನೋಡಿ ಉರ್ದುವಿನಲ್ಲಿ. ಗಡಿಯ ಕಡೆಯ ಕನ್ನಡ ಶಾಲೆ ಸಿಕ್ಕರೆ ಅಂದು ಅಕ್ಷರಗಳು ಸ್ವಲ್ಪ ದುಂಡಗಾಗುತ್ತವಂತೆ.

“ಹೆಸರು ಅಳಿಸಿ ಹೆಸರು ಬರಿಯೋದು ಸಲೀಸು ರೀ. ಸುಣ್ಣ ಹೊಡದ್ರ ಹಳೇದು ಹೋತು. ನಾ ಹುಟ್ಟಿದಾಗ ಹೈದರಾಬಾದ್ ಸರ್ಕಾರ, ಸಾಲಿಗೆ ಹೋಗೂ ಮುಂದ ಆಂಧ್ರ, ಈಗ ತೆಲಂಗಾಣ. ಊರು ಇದ್ದಲ್ಲೇ ಐತಿ, ಮೂರು ರಾಜ್ಯ ನೋಡೀನಿ. ಯಾವ ಬೋರ್ಡೂ ನನಗ ಬೈದಿಲ್ಲ,” ಎಂದು ನಗುತ್ತಾರೆ. ಬೋರ್ಡಿನ ಮಾತು ಬಂದಾಗ ಮಾತ್ರ ನಗುತ್ತಾರೆ.

ಶರಣಯ್ಯನವರದು ಮಕ್ತಲ್‌ನ ಜಂಗಮರ ಮನೆ. ತಂದೆ ಊರಿನ ಅಯ್ಯನವರು. ಐದನೆಯ ವಯಸ್ಸಿಗೆ ಹುಡುಗ ಪೂಜೆಯ ವಿಭೂತಿ ಗಟ್ಟಿ ತೆಗೆದುಕೊಂಡು ಅಡಿಗೆಮನೆಯ ಕಪ್ಪು ಗೋಡೆಯ ಮೇಲೆ ಅಜ್ಜಿಯ ಮುಖ ಬರೆದನಂತೆ. ಅಜ್ಜಿ ಗುರುತು ಹಿಡಿದು ಹಿಗ್ಗಿದಳು, ಅಪ್ಪ ಬೆತ್ತ ಹಿಡಿದ. ವಿಭೂತಿ ಹಾಳು ಮಾಡಿದ್ದಕ್ಕೆ ಬಿದ್ದ ಏಟಿನ ಗುರುತು ಮೊಣಕಾಲ ಹತ್ತಿರ ಇನ್ನೂ ಇದೆ. ಅದನ್ನು ತೋರಿಸುವಾಗ ಪಂಚೆ ಎತ್ತಿ, “ಇದು ನನ್ನ ಮೊದಲ ಸರ್ಟಿಫಿಕೇಟು,” ಎನ್ನುತ್ತಾರೆ.

ಓದು ತಲೆಗೆ ಹತ್ತಲಿಲ್ಲ. ಹದಿನಾರಕ್ಕೆ ನಾರಾಯಣಪೇಟೆಗೆ ಬಂದು ಎಲ್ಲಪ್ಪ ಎಂಬವರ ಫೋಟೋ ಸ್ಟುಡಿಯೋ ಸೇರಿದರು. ಆಗೆಲ್ಲ ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರ ಅಂಗೈಯಗಲದ ಫೋಟೋ ತಂದು ಕೊಡುತ್ತಿದ್ದರು. ಅದರ ಮೇಲೆ ಸೂಜಿಮೊನೆಯಿಂದ ಚೌಕಳಿ ಗೆರೆ ಎಳೆದು, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕಳಿ ದೊಡ್ಡದಾಗಿ ಎಳೆದು, ಒಂದೊಂದೇ ಚೌಕ ತುಂಬುತ್ತ ಗೋಡೆಗೆ ಹಾಕುವಷ್ಟು ದೊಡ್ಡ ಚಿತ್ರ ಮಾಡಿಕೊಡುವುದು ಕೆಲಸ. ಮುಚ್ಚಿದ ಕಣ್ಣು ತೆರೆಸುವುದು, ಜೊತೆಯಲ್ಲಿ ಎಂದೂ ಫೋಟೋ ತೆಗೆಸಿಕೊಳ್ಳದ ಗಂಡಹೆಂಡಿರನ್ನು ಪಕ್ಕಪಕ್ಕ ಕೂರಿಸುವುದು, ಹರಿದ ಅಂಗಿಯ ಮೇಲೆ ಕೋಟು ತೊಡಿಸುವುದು, ಎಲ್ಲವನ್ನೂ ಎಲ್ಲಪ್ಪ ಕಲಿಸಿದರು.

ಇನ್ನೊಂದು ಪಾಠವನ್ನೂ ಕಲಿಸಿದರು. ಸಣ್ಣ ಊರುಗಳ ಸ್ಟುಡಿಯೋದವರು ಅವಸರದಲ್ಲಿ ನೆಗೆಟಿವ್ ತಿರುವು ಮುರುವು ಇಟ್ಟು ಪ್ರಿಂಟು ಹಾಕಿಬಿಡುತ್ತಾರೆ. ಆಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮುಖ ನೋಡಿದರೆ ಹೊರಗಿನವರಿಗೆ ತಿಳಿಯುವುದಿಲ್ಲ. ಹಾಗಾಗಿ ಗಂಡಸರಾದರೆ ಅಂಗಿಯ ಗುಂಡಿ ನೋಡಬೇಕು, ಹೆಂಗಸರಾದರೆ ಮೊದಲು ಸೆರಗು ನೋಡಬೇಕು. ಸೆರಗು ಬಲಹೆಗಲ ಮೇಲಿದ್ದರೆ ಪ್ರಿಂಟು ಉಲ್ಟಾ ಎಂದೇ ಅರ್ಥ. ಚಿತ್ರ ಬರೆಯುವಾಗ ಇಡೀ ಮುಖವನ್ನು ತಿರುಗಿಸಿ ಸರಿಮಾಡಬೇಕು.

“ಹಂಗ ಎಷ್ಟೋ ಮಂದೀನ ಸರಿ ಮಾಡೀನ್ರಿ. ಮನಿಯವರು ಬಂದು ನೋಡಿ, ಅಯ್ಯೋ ಫೋಟೋದಾಗ ಯಾಕೋ ಬ್ಯಾರೆ ಕಾಣತಿದ್ಲು, ನಿಮ್ಮ ಚಿತ್ರದಾಗ ನಮ್ಮವ್ವ ಬಂದ್ಲು ಅಂತ ಅಳತಿದ್ರು. ನನಗ ಅದರದ್ದೇ ದೊಡ್ಡ ಧಿಮಾಕು,” ಎನ್ನುತ್ತಾರೆ ಶರಣಯ್ಯ.

ಹೆಂಡತಿ ಶೇಖಮ್ಮ ಜೋಳದ ರೊಟ್ಟಿ, ಪುಂಡಿಪಲ್ಯದ ಬುತ್ತಿ ತಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಾರೆ. “ಊರಾಗಿನ ಎಲ್ಲಾ ಅವ್ವಂದಿರನ್ನೂ ಬರದಾರ. ನನ್ನ ಮುಖ ಒಂದಿನ ಬರೀಲಿಲ್ಲ ನೋಡ್ರಿ,” ಎಂದು ನನ್ನ ಹತ್ತಿರ ದೂರುತ್ತಾರೆ.

“ನನ್ನ ಕೈಯಾಗ ಬಂದವರೆಲ್ಲ ಸತ್ತವರು. ನಿನಗ ಯಾಕ ಅವಸರ,” ಎನ್ನುತ್ತಾರೆ ಗಂಡ. ಶೇಖಮ್ಮ ಬುತ್ತಿಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಡುತ್ತಾರೆ.

ಎಂಬತ್ತರ ದಶಕದ ಕೊನೆಗೆ ಶರಣಯ್ಯ ಮಸ್ಕತ್ತಿಗೆ ಹೋದರು. ಬೋರ್ಡ್ ಪೇಂಟರ್ ಎಂಬ ವೀಸಾ. ರೂವಿ ಎಂಬ ಪೇಟೆಯಲ್ಲಿ ಚೌಕಟ್ಟು ಕಟ್ಟುವ ಅಂಗಡಿ, ಅದರ ಹಿಂದೆ ಕಿಟಕಿಯಿಲ್ಲದ ಕೋಣೆ. ಹಗಲೆಲ್ಲ ಅರಬ್ಬಿ ಬೋರ್ಡು ಬರೆಯಬೇಕು. ಓದಲು ಬರುವುದಿಲ್ಲ, ಮಾದರಿ ನೋಡಿ ಗೆರೆಗೆ ಗೆರೆ ಇಳಿಸುವುದು. “ಅವರು ಬಲದಿಂದ ಓದತಿದ್ರು, ನಾ ಎಡದಿಂದ ಬರೀತಿದ್ದೆ. ನಡುವ ಎಲ್ಲೋ ಕೂಡತಿತ್ತು,” ಎನ್ನುತ್ತಾರೆ.

ಅವರ ನಿಜವಾದ ಕೆಲಸ ಶುಕ್ರವಾರ. ಅಂದು ರಜೆ. ಕಟ್ಟಡದ ಕೆಲಸಕ್ಕೆ ಬಂದ, ನಾರಾಯಣಪೇಟೆ, ಗದ್ವಾಲಗಳಿರುವ ಪಾಲಮೂರು ಸೀಮೆಯ ಕೂಲಿಗಳು ಅಂಗಡಿಗೆ ಬರುತ್ತಿದ್ದರು. ಊರಿನಲ್ಲಿ ತಾಯಿಯೋ ತಂದೆಯೋ ತೀರಿಕೊಂಡ ಸುದ್ದಿ ಬಂದಿರುತ್ತದೆ, ಪಾಸ್‌ಪೋರ್ಟು ಮಾಲೀಕನ ಕೈಯಲ್ಲಿ. ಮಣ್ಣಿಗೆ ಹೋಗಲು ಆಗುವುದಿಲ್ಲ, ಹನ್ನೊಂದನೆಯ ದಿನಕ್ಕೂ ಹೋಗಲು ಆಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ಒಂದು ಫೋಟೋ ಹಿಡಿದು ಬಂದು ನಿಲ್ಲುತ್ತಿದ್ದರು. ಹೋಗಲಾರದವರು ಮುಖ ಮಾಡಿಸಿಕೊಂಡು ಹೋಗುತ್ತಿದ್ದರು. ಒಂದರ ಮೇಲೊಂದು ಮಂಚವಿರುವ ಕೂಲಿಗಳ ಕೋಣೆಗಳಲ್ಲಿ ತಲೆದಿಂಬಿನ ಮೇಲೆ ಮೊಳೆ ಹೊಡೆದು ತೂಗಿಹಾಕಿದ ಅವರ ಚಿತ್ರಗಳು ಎಷ್ಟಿದ್ದವೋ ಅವರಿಗೇ ಗೊತ್ತಿಲ್ಲ. ಯಾವುದರ ಮೇಲೂ ಅವರ ಸಹಿ ಇಲ್ಲ. ಸತ್ತವರ ಕೆಳಗೆ ತನ್ನ ಹೆಸರು ಬರೆಯುವುದು ಹೆಚ್ಚುಗಾರಿಕೆ ಎಂದು ಎಲ್ಲಪ್ಪ ಹೇಳಿದ್ದರಂತೆ.

ಒಂದು ಶುಕ್ರವಾರ ಭೀಮಯ್ಯ ಬಂದ. ಗದ್ವಾಲದ ನೇಕಾರರ ಮನೆಯ ಹುಡುಗ. ಮಗ್ಗ ಬಿಟ್ಟು ಕಲ್ಲುಗೆಲಸಕ್ಕೆ ಬಂದು ಐದಾರು ವರ್ಷವಾಗಿತ್ತು. ತಾಯಿ ನರಸಿಂಹಮ್ಮ ತೀರಿಕೊಂಡಿದ್ದಳು. ಮಗ ಮಸ್ಕತ್ತಿಗೆ ಹೊರಡುವ ಮುಂಚೆ ಗದ್ವಾಲದ ಕೋಟೆ ಬಾಗಿಲ ಬಳಿಯ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋ ಅವನ ಹತ್ತಿರ ಇತ್ತು. ಆಕೆ ಬದುಕಿನಲ್ಲಿ ತೆಗೆಸಿಕೊಂಡದ್ದು ಅದೊಂದೇ.

ಶರಣಯ್ಯ ರೂಢಿಯಂತೆ ಮೊದಲು ಸೆರಗು ನೋಡಿದರು. ಸೆರಗು ಬಲಹೆಗಲ ಮೇಲಿತ್ತು.

“ನೋಡಿ ಮನಸಿನ್ಯಾಗ ನಕ್ಕೆ. ಗದ್ವಾಲದಾಂವನೂ ನೆಗೆಟಿವ್ ಉಲ್ಟಾ ಇಟ್ಟಾನ ಅಂದ್ಕೊಂಡೆ. ಭೀಮಯ್ಯನ ಮುಂದ ಬಾಯಿ ಬಿಡಲಿಲ್ಲ. ಪಾಪ, ಅವ್ವನ್ನ ಕಳಕೊಂಡಾಂವ, ಇರೋ ಒಂದು ಫೋಟೋನೂ ಕೆಟ್ಟೈತಿ ಅಂತ ಯಾಕ ಹೇಳ್ಲಿ ಅಂತ. ಅವತ್ತ ಒಂದು ಮಾತು ಅಂದಿದ್ರ ಸಾಕಿತ್ತು. ಒಂದೇ ಮಾತು,” ಎಂದು ಶರಣಯ್ಯ ರೊಟ್ಟಿ ಮುರಿದವರು ಹಾಗೇ ಕೈಯಲ್ಲಿ ಹಿಡಿದು ಕೂರುತ್ತಾರೆ.

ಅವರು ಮುಖ ತಿರುಗಿಸಿದರು. ನರಸಿಂಹಮ್ಮನ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು, ಚಿತ್ರದಲ್ಲಿ ಬಲಗಣ್ಣಿನದು ಇಳಿಯಿತು. ಸದಾ ಎಲೆಅಡಿಕೆ ಒತ್ತಿಕೊಂಡು ಬಲದವಡೆ ಉಬ್ಬಿತ್ತು, ಚಿತ್ರದಲ್ಲಿ ಎಡದವಡೆ ಉಬ್ಬಿತು. ಸೆರಗು ಎಡಹೆಗಲಿಗೆ ಬಂತು. ಭೀಮಯ್ಯ ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ತೆಲುಗಿನಲ್ಲಿ, ಚೆನ್ನಾಗಿದೆ ಎನ್ನುವ ಹಾಗೆ, “ಬಾಗುಂದನ್ನಾ” ಎಂದು ಎತ್ತಿಕೊಂಡು ಹೋದ. ಚೌಕಳಿ ಗೆರೆ ಬಿದ್ದ ಫೋಟೋ ಇನ್ನು ಯಾಕೆ ಎಂದು ಅಂಗಡಿಯಲ್ಲೇ ಬಿಟ್ಟ. ಅಂಗಡಿ ಗುಡಿಸುವವರು ಅದನ್ನು ಯಾವಾಗ ಎಸೆದರೋ ಯಾರೂ ನೋಡಲಿಲ್ಲ.

ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡುವುದು ಬಂದ ಮೇಲೆ ಮಸ್ಕತ್ತಿನಲ್ಲಿ ಕುಂಚಕ್ಕೆ ಕೆಲಸ ಕಡಿಮೆಯಾಯಿತು. ನಾಲ್ಕು ವರ್ಷದ ಹಿಂದೆ ಶರಣಯ್ಯ ಊರಿಗೆ ಮರಳಿದರು. ಇಲ್ಲಿಯೂ ಅದೇ ಕತೆ. ರಾಜ್ಯ ಬಂದ ಸಂಭ್ರಮದಲ್ಲಿ ನಾರಾಯಣಪೇಟೆಯ ಚೌಕದ ತುಂಬ ಆಳೆತ್ತರದ ಮುಖಗಳಿದ್ದವು, ಎಲ್ಲ ಫ್ಲೆಕ್ಸಿನಲ್ಲಿ. ಮೊದಲ ಮಳೆಗೇ ಹರಿದು ಎಮ್ಮೆಯ ಕೊಟ್ಟಿಗೆಗೆ ಮುಚ್ಚಿಗೆಯಾದವು. ನನಗೆ ಅದನ್ನು ನೋಡಿ ಸಿಟ್ಟೇ ಬಂತು. ಶರಣಯ್ಯನವರಿಗೆ ಬರುವುದಿಲ್ಲ. “ಫ್ಲೆಕ್ಸು ತಪ್ಪು ಮಾಡಿದ್ರ ಮಳಿಗೆ ಹೋಗತೈತಿ. ನನ್ನ ಬಣ್ಣ ಹೋಗಂಗಿಲ್ಲಲ್ಲ,” ಎನ್ನುತ್ತಾರೆ.

ಶ್ರಾವಣದ ಕೊನೆಯಲ್ಲಿ ಒಂದು ಮಧ್ಯಾಹ್ನ ತಿರುಪತಮ್ಮ ಈ ಅಂಗಡಿಯ ಮೆಟ್ಟಿಲು ಹತ್ತಿದರು. ಭೀಮಯ್ಯನ ಅಕ್ಕ. ಮದುವೆಯಾಗಿ ನಾರಾಯಣಪೇಟೆಗೆ ಬಂದು ಮೂವತ್ತು ವರ್ಷದ ಮೇಲಾಗಿದೆ, ಇಲ್ಲೇ ಎರಡು ಓಣಿ ಆಚೆ ಮಗ್ಗ ನೇಯುತ್ತಾರೆ. ಹಳೇ ಸೀರೆಯಲ್ಲಿ ಸುತ್ತಿದ ದೊಡ್ಡ ಚೌಕಟ್ಟೊಂದನ್ನು ಎದೆಗೆ ಅವುಚಿಕೊಂಡು ಬಂದಿದ್ದರು.

“ಆಕಿ ಬಾಯಿ ತೆಗಿಯೋಕಿಂತ ಮೊದಲ ನನಗ ತಿಳೀತು ರೀ. ಆಕಿ ಸೆರಗು ಬಲಹೆಗಲ ಮ್ಯಾಲಿತ್ತು,” ಎನ್ನುತ್ತಾರೆ ಶರಣಯ್ಯ.

ಗದ್ವಾಲದ ಕಡೆಯ ಕೆಲವು ಮನೆಗಳಲ್ಲಿ ಹೆಂಗಸರು ಸೆರಗನ್ನು ಬಲಹೆಗಲಿಗೆ ಹೊದೆಯುತ್ತಾರೆ. ತೆಲುಗಿನಲ್ಲಿ ಕುಡಿಪೈಟ ಎಂದು ಅದಕ್ಕೆ ಹೆಸರೇ ಇದೆ. ತಿರುಪತಮ್ಮ ಗಂಡನ ಮನೆಗೆ ಬಂದ ಮೇಲೂ ಆ ರೂಢಿ ಬಿಟ್ಟಿಲ್ಲ. ಮಕ್ತಲ್‌ನ ಅಯ್ಯನವರ ಮನೆಯಲ್ಲಿ ಹುಟ್ಟಿ, ಎಡಸೆರಗಿನ ತಾಯಿ, ಅಜ್ಜಿ, ಅತ್ತೆಯರನ್ನೇ ನೋಡಿ ಬೆಳೆದ ಶರಣಯ್ಯನವರಿಗೆ ಇದು ತಿಳಿದಿರಲಿಲ್ಲ. ಎಲ್ಲಪ್ಪನವರಿಗೂ ತಿಳಿದಿರಲಿಲ್ಲ. ಮಕ್ತಲ್‌ನಿಂದ ಗದ್ವಾಲ ಎಷ್ಟು ದೂರ? ಜೂರಾಲ ಅಣೆಕಟ್ಟು ದಾಟಿದರೆ ಬಂತು. ಸಮುದ್ರ ದಾಟಿದವರು ಕೃಷ್ಣೆ ದಾಟಿ ಆ ಊರಿನ ಒಂದು ಓಣಿ ನಡೆದಿರಲಿಲ್ಲ.

ಭೀಮಯ್ಯ ಹೋದ ವರ್ಷ ಮಸ್ಕತ್ತು ಬಿಟ್ಟು ಬಂದು, ಗದ್ವಾಲದ ಮನೆಯ ನಡುಮನೆಯಲ್ಲಿ ಆ ಚಿತ್ರ ತೂಗಿಹಾಕಿದ. ಆ ವರ್ಷದ ಪೆತ್ತರ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ತವರಿಗೆ ಹೋದ ತಿರುಪತಮ್ಮ ಚಿತ್ರದ ಮುಂದೆ ಎಲೆ ಹಾಕಲು ಒಪ್ಪಲಿಲ್ಲ. ನಮ್ಮವ್ವನ ಪಾಲಿನ ಅನ್ನ ಯಾವಳಿಗೋ ಯಾಕೆ ಇಡಲಿ ಎಂದರು. ಹತ್ತಾರು ವರ್ಷ ಇವಳ ಕಾಲಿಗೆ ಬಿದ್ದು ಕೆಲಸಕ್ಕೆ ಹೋಗಿದ್ದೇನೆ, ನೀ ಯಾರು ಹೇಳುವವಳು ಎಂದ ತಮ್ಮ. ಅಂದಿನಿಂದ ಮಾತು ನಿಂತಿತು. ಈ ವರ್ಷದ ಅಮಾವಾಸ್ಯೆ ಹತ್ತಿರ ಬಂದಾಗ ತಿರುಪತಮ್ಮನೇ ಸೋತು ಗದ್ವಾಲಕ್ಕೆ ಹೋಗಿ, ಚೌಕಟ್ಟಿಗೆ ಗೆದ್ದಲು ಹತ್ತಿದೆ, ಸರಿ ಮಾಡಿಸಿ ತರುತ್ತೇನೆ ಎಂದು ಸುಳ್ಳು ಹೇಳಿ ಚಿತ್ರ ತಂದಿದ್ದರು. ಬರೆದವರು ನಾರಾಯಣಪೇಟೆಯವರು ಎಂದು ತಮ್ಮ ಯಾವಾಗಲೋ ಹೇಳಿದ್ದನಂತೆ.

“ಅಂಗಡ್ಯಾಗ ಇಟ್ಟು ಕೇಳಿದ್ಲು, ಅಯ್ಯನೋರೆ, ಈಕಿ ಯಾರವ್ವ, ನಮ್ಮವ್ವನ್ನ ಎಲ್ಲಿ ಬಿಟ್ಟಿರಿ ಅಂತ,” ಎನ್ನುತ್ತಾರೆ ಶರಣಯ್ಯ. ಮುರಿದ ರೊಟ್ಟಿ ತಟ್ಟೆಗಿಟ್ಟು, “ಇವರದು ಗೊತ್ತಾತು. ಅಲ್ಲೆ ಮಸ್ಕತ್ತಿನಾಗ ಬಲಸೆರಗಿನವರು ಇನ್ನೆಷ್ಟು ಮಂದಿ ಬಂದಿದ್ರೋ. ಎಷ್ಟು ಅವ್ವಂದಿರನ್ನ ತಿರುವಿ ಹಾಕೀನೋ. ಯಾರನ್ನ ಕೇಳ್ಲಿ?” ಎನ್ನುತ್ತಾರೆ. ಶೇಖಮ್ಮ ಅವರ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸುತ್ತಾರೆ.

ಹೀಗೆ ಕನ್ನಡಿ ಬಂತು. ತಪ್ಪಿದ ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಎಡಬಲ ಸರಿಯಾಗುತ್ತದೆ. ಆದರೆ ನೆರಳು ಬೀಳುವ ಕಡೆ, ಮೂಗಿನ ಏರು ಎಲ್ಲ ಮತ್ತೆ ಲೆಕ್ಕ ಹಾಕಬೇಕು. ದಿನಾ ಸಂಜೆ ತಿರುಪತಮ್ಮ ಬಂದು ನೋಡಿ ಹೋಗುತ್ತಾರೆ. ನಾನು ಹೋದ ದಿನ ಸಂಜೆಯೂ ಬಂದರು. ಬಾಗಿಲಲ್ಲೇ ನಿಂತು ನೋಡಿ, “ತುಟಿ ಇನ್ನೂ ನಮ್ಮವ್ವಂದಲ್ಲ. ಆಕಿ ಅಷ್ಟು ಬಿಗಿ ಇರಲಿಲ್ಲ,” ಎಂದರು. ಮಾರನೆಯ ಬೆಳಿಗ್ಗೆ ಶರಣಯ್ಯ ತುಟಿಯನ್ನು ಸಡಿಲ ಮಾಡುತ್ತಾರೆ. ಅಷ್ಟಕ್ಕೇ ಕೆಲಸ ಮುಗಿಯಿತು ಎಂದು ಕುಂಚ ಒರೆಸುತ್ತಾರೆ. ಬಣ್ಣ ಪೂರ್ತಿ ಒಣಗಿಲ್ಲ, ಆದರೆ ದಿನವೂ ಉಳಿದಿಲ್ಲ.

ಎರಡು ಚಿತ್ರಗಳನ್ನು ಹಿಡಿದು ನಾವು ಮೂವರು ಬಸ್ಸು ಹತ್ತುತ್ತೇವೆ. ಮಕ್ತಲ್‌ನಲ್ಲಿ ಇಳಿದು ಗದ್ವಾಲದ ಬಸ್ಸು. ಹಸಿ ಚಿತ್ರಕ್ಕೆ ಯಾರ ಮೈಯೂ ತಾಗದ ಹಾಗೆ ಶರಣಯ್ಯ ಅದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತೇ ಬರುತ್ತಾರೆ. ಕಂಡಕ್ಟರ್ ಇಣುಕಿ ನೋಡಿ, “ಎವರು ತಾತಾ, ಮೀ ಅಮ್ಮಾ?” ಎಂದು, ನಿಮ್ಮ ತಾಯಿಯೇ ಎನ್ನುವ ಹಾಗೆ, ಕೇಳುತ್ತಾನೆ. ಶರಣಯ್ಯ ಅಲ್ಲವೆಂದು ತಲೆಯಾಡಿಸಿ ತಿರುಪತಮ್ಮನ ಕಡೆ ತೋರಿಸುತ್ತಾರೆ. ಜೂರಾಲದ ಮೇಲೆ ಬಸ್ಸು ನಿಧಾನವಾಗುತ್ತದೆ, ಗೇಟುಗಳಿಂದ ನೀರು ಬಿಟ್ಟಿದ್ದಾರೆ. ಯಾರೂ ಕಿಟಕಿಯಾಚೆ ನೋಡುವುದಿಲ್ಲ. ತಮ್ಮ ಒಪ್ಪುತ್ತಾನೋ ಇಲ್ಲವೋ ಎಂದು ತಿರುಪತಮ್ಮ ಎರಡು ಸಲ ಕೇಳುತ್ತಾರೆ. ಹೆತ್ತವಳ ಗುರುತು ಹತ್ತದೆ ಇರುತ್ತದೆಯೇ ಎಂದು ನಾನೇ ಧೈರ್ಯ ಹೇಳುತ್ತೇನೆ.

ಭೀಮಯ್ಯನ ನಡುಮನೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಬಿಸಿಲು ಕಾಣದ ಬೆಳ್ಳನೆಯ ಚೌಕ. ಭೀಮಯ್ಯನಿಗೆ ಐವತ್ತರ ಹತ್ತಿರ, ಕಲ್ಲಿನ ಪುಡಿ ಕುಡಿದ ಕೆಮ್ಮು. ಶರಣಯ್ಯನವರನ್ನು ನೋಡಿ ಎದ್ದು ನಿಲ್ಲುತ್ತಾನೆ, ಅನ್ನಾ ಎಂದು ಕೈ ಹಿಡಿಯುತ್ತಾನೆ. ಕೂರಿಸಿ ನೀರು ಕೊಟ್ಟು ಮೊದಲು ಕೇಳುವುದು ಚೌಕಟ್ಟಿನ ಗೆದ್ದಲು ಹೋಯಿತೇ ಎಂದು.

“ಗೆದ್ದಲು ಇರಲಿಲ್ಲ ಭೀಮಯ್ಯ,” ಎನ್ನುತ್ತಾರೆ ಶರಣಯ್ಯ. ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ. ಎಲ್ಲಪ್ಪನ ಪಾಠ, ಬಲಸೆರಗು, ಅಂದು ಕೇಳದೆ ಬಿಟ್ಟ ಮಾತು. “ಗಲತಿ ನಂದು. ನಿಮ್ಮ ಸ್ಟುಡಿಯೋದಾಂವಂದಲ್ಲ, ನಿಂದಲ್ಲ. ನಿಮ್ಮವ್ವನ್ನ ನಾನೇ ತಿರುವಿದೆ. ಈಗ ಸರಿ ಮಾಡಿ ತಂದೀನಿ,” ಎಂದು ಹೊಸ ಚಿತ್ರವನ್ನು ಗೋಡೆಗೆ ಒರಗಿಸಿ ಇಡುತ್ತಾರೆ.

ತಿರುಪತಮ್ಮ ಇದುವರೆಗೆ ಅದನ್ನು ಅಂಗಡಿಯಲ್ಲಿ ನೋಡಿದ್ದರು, ತಾಯಿಯ ಮನೆಯಲ್ಲಿ ನೋಡಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂರುತ್ತಾರೆ. “ನೋಡೋ, ಎಲಿ ಹಾಕ್ಕೊಂಡು ಕುಂತಾಳ. ಬೈಯಾಕ ಬಂದಂಗ ಐತಿ ನೋಡೋ,” ಎಂದು ಅಳುತ್ತಾರೆ.

ಭೀಮಯ್ಯ ನೋಡುತ್ತಾನೆ. ಹತ್ತಿರ ಹೋಗುತ್ತಾನೆ, ಹಿಂದೆ ಸರಿಯುತ್ತಾನೆ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತು ಮತ್ತೆ ತೆರೆಯುತ್ತಾನೆ. ಅವನ ಮುಖದಲ್ಲಿ ಏನೂ ಆಗುವುದಿಲ್ಲ.

“ಅವತ್ತ ನನಗೂ ಅನ್ನಿಸಿತ್ತನ್ನಾ,” ಎನ್ನುತ್ತಾನೆ ಕೊನೆಗೆ. “ಕಣ್ಣು ಈ ಕಡೀದಲ್ಲ, ಆ ಕಡೀದು ಇಳಿದಿತ್ತಲ್ಲ ಅಂತ. ನೀವು ತಿಳದವರು, ನಾ ಕಲ್ಲು ಹೊರಾಂವ. ಐದಾರು ವರ್ಷ ಆತು ನೋಡಿ, ನಾನೇ ಮರತೀನಿ ಅಂದ್ಕೊಂಡೆ. ಅವ್ವನ ಮುಖಾನೂ ಮರತ್ನಲ್ಲ ಅಂತ ಅವತ್ತ ರೂಮಿನ್ಯಾಗ ಭಾಳ ಅತ್ತೆ. ಆಮ್ಯಾಲ ದಿನಾ ನೋಡಿ ನೋಡಿ ಕಲ್ತೆ.”

“ಏನು ಕಲ್ತಿ?” ಎನ್ನುತ್ತಾರೆ ತಿರುಪತಮ್ಮ.

“ಇವಳನ್ನ.” ಅವನ ಕೈ ಹಳೇ ಚಿತ್ರದ ಚೌಕಟ್ಟಿನ ಮೇಲಿದೆ. “ಈಗ ಅವ್ವಾ ಅಂದ್ರ ಇವಳೇ ಬರ್ತಾಳಕ್ಕಾ. ಆಕಿ ಬರವಲ್ಲಳು.”

“ಹಡದಾಕಿ ಗುರ್ತು ಇಲ್ಲೇನೋ ನಿನಗ?”

“ಇತ್ತಕ್ಕಾ.”

ತಿರುಪತಮ್ಮನ ಸಿಟ್ಟು ಅಲ್ಲಿಗೇ ಇಳಿಯುತ್ತದೆ. ತಮ್ಮನ ಹತ್ತಿರ ಸರಿದು ಕೂತು ತಾಯಿಯ ಮಾತು ತೆಗೆಯುತ್ತಾರೆ. ಲಾಳಿ ಎಸೆಯುವಾಗ ಹೇಗೆ ಕತ್ತು ವಾಲಿಸುತ್ತಿದ್ದಳು, ಎಲೆ ಯಾವ ದವಡೆಗೆ ದಬ್ಬುತ್ತಿದ್ದಳು, ಒಮ್ಮೆ ಇವನನ್ನು ಕೋಟೆ ಬಾಗಿಲತನಕ ಅಟ್ಟಿಸಿಕೊಂಡು ಹೋಗಿ ಹೇಗೆ ಹೊಡೆದಿದ್ದಳು. ಭೀಮಯ್ಯ ಎಲ್ಲಕ್ಕೂ ಹೂಂ ಅನ್ನುತ್ತಾನೆ. ಹೊಡೆತ ನೆನಪಿದೆ, ಕತ್ತು ನೆನಪಿದೆ, ಕೈಬಳೆಯ ಸದ್ದು ನೆನಪಿದೆ. ಅವೆಲ್ಲದರ ಮೇಲೂ ಮಸ್ಕತ್ತಿನ ಮುಖವೇ ಕೂತಿದೆ. ಮಧ್ಯಾಹ್ನವೆಲ್ಲ ಅವನು ಹೊಸ ಚಿತ್ರದ ಮುಂದೆ ಕೂತು ಪ್ರಯತ್ನಪಡುವುದನ್ನು ನಾವು ನೋಡುತ್ತೇವೆ. ಶರಣಯ್ಯ ಗೋಡೆಗೆ ಒರಗಿ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಾರೆ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ.

ಸಂಜೆಗೆ ತೀರ್ಮಾನವಾಗುತ್ತದೆ. ಯಾರೂ ಜಗಳವಾಡುವುದಿಲ್ಲ. ಹಳೇ ಚಿತ್ರ ಹಳೇ ಮೊಳೆಗೆ ಹೋಗುತ್ತದೆ. ಹೊಸದನ್ನು ತಿರುಪತಮ್ಮ ನಾರಾಯಣಪೇಟೆಗೆ ಒಯ್ಯುತ್ತಾರೆ. ನಾಳೆ ಅಮಾವಾಸ್ಯೆಗೆ ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ಎಡೆ ಇಡುವುದು. ಹೊರಡುವಾಗ ಭೀಮಯ್ಯ ಅಕ್ಕನ ಕೈಯಲ್ಲಿ ಎಲೆಅಡಿಕೆಯ ಪೊಟ್ಟಣ ಕೊಡುತ್ತಾನೆ. ತಾಯಿಯ ಮುಂದೆ ಇಡಲು ಎಂದು ಹೇಳುತ್ತಾನೆ, ಯಾವ ತಾಯಿ ಎಂದು ಹೇಳುವುದಿಲ್ಲ. ಶರಣಯ್ಯನವರ ಕಾಲು ಮುಟ್ಟಲು ಬಗ್ಗಿದವನನ್ನು ಅವರು ಭುಜ ಹಿಡಿದು ತಡೆಯುತ್ತಾರೆ.

ಮರಳುವ ಬಸ್ಸಿನಲ್ಲಿ ತಿರುಪತಮ್ಮ ಮುಂದಿನ ಸೀಟಿನಲ್ಲಿ ಚಿತ್ರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಬಣ್ಣಕ್ಕೆ ತಾಗದಂತೆ ಅಂಚುಗಳನ್ನಷ್ಟೇ ಹಿಡಿದಿದ್ದಾರೆ. ನಾನು, ಶರಣಯ್ಯ ಹಿಂದೆ. ನನ್ನ ತಲೆಯಲ್ಲಿ ಲೇಖನದ ಕೊನೆಯ ಸಾಲು ಆಗಲೇ ತಯಾರಾಗುತ್ತಿದೆ, ದುಡಿಮೆಯ ಚಾಳಿ. ಅವರಿಗೆ ಸ್ವಲ್ಪ ಸಮಾಧಾನವಾಗಲೆಂದು ಅದನ್ನು ಹೇಳಿಯೂ ಬಿಡುತ್ತೇನೆ: ಹೋಗಲಿ ಬಿಡಿ, ಅಂತೂ ಅಕ್ಕನಿಗೂ ತಮ್ಮನಿಗೂ ಒಬ್ಬೊಬ್ಬ ತಾಯಿ ಸಿಕ್ಕಳಲ್ಲ, ಅದನ್ನೇ ಬರೆಯುತ್ತೇನೆ.

ಶರಣಯ್ಯ ನನ್ನ ಕಡೆ ತಿರುಗುತ್ತಾರೆ. ಎರಡು ದಿನದಲ್ಲಿ ಮೊದಲ ಸಲ ಅವರ ದನಿ ಗಟ್ಟಿಯಾಗುತ್ತದೆ.

“ಹಂಗ ಬರೀಬ್ಯಾಡ್ರಿ. ಅವರಿಗೆ ಇದ್ದಾಕಿ ಒಬ್ಬಾಕಿ ಅವ್ವ. ಆಕೀನ ನಾ ಎರಡು ಮಾಡಿದೆ. ಬರಿಯೂದಾದ್ರ ಅದನ್ನ ಬರೀರಿ, ಕೆಳಗ ನನ್ನ ಹೆಸರು ಹಾಕ್ರಿ.”